ಸಾಸಿವೆ ಹೂವಿನ ಬಣ್ಣದ ಸೈಕಲ್

ಡೆಲಿತ್ ಪ್ರೊಬರ್ಟ್ ಎಂಬಾಕೆ ಸೈಕಲ್ ಅಂಗಡಿಗೆ ಹೋಗಿದ್ದು ಬೂದು ಬಣ್ಣದ ಸೈಕಲ್ ತರಲಿಕ್ಕೆ. ಅವಳು ಕೆಲಸ ಮಾಡುವ ಮೊಸರಿನ ಕಾರ್ಖಾನೆಯಲ್ಲಿ ಅರ್ಧಕ್ಕರ್ಧ ಜನ ಓಡಿಸುವುದು ಅದನ್ನೇ. ಅಲ್ಲಿಯ ಸೈಕಲ್ ಯೋಜನೆ ಸಲೀಸಾದದ್ದು: ನೌಕರರು ಆರಿಸಿದ ಸೈಕಲನ್ನು ಕಾರ್ಖಾನೆ ಕೊಂಡು ಬಾಡಿಗೆಗೆ ಕೊಡುತ್ತದೆ, ಬಾಡಿಗೆಯನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತದೆ, ಅವಧಿ ಮುಗಿದ ಮೇಲೆ ಒಂದು ಕಾಗದಕ್ಕೆ ಸಹಿ ಹಾಕಿದರೆ ಸೈಕಲ್ ಅವರದೇ. ಆ ಕಾಗದಗಳನ್ನೆಲ್ಲ ನೋಡಿಕೊಳ್ಳುವವಳು ಡೆಲಿತ್. ಹತ್ತು ವರ್ಷ ಊರಿಗೆಲ್ಲ ಸೈಕಲ್ ಹಂಚಿ, ತಾನು ಮಾತ್ರ ಬಸ್ಸಿಗೆ ಕಾದು ನಿಂತ ಪುಣ್ಯಾತ್ಗಿತ್ತಿ!

"ಬೂದು ಬೇಕಾ?" ಅಂಗಡಿಯ ಗೆಥಿನ್ ಮುಖ ಸಿಂಡರಿಸಿದ. "ವೇಲ್ಸಿನ ಆಕಾಶ ನೋಡಿ ನೋಡಿ ಸಾಕಾಗಿಲ್ವೇನೇ ಮಾರಾಯ್ತಿ? ಇಲ್ಲಿ ನೋಡು. ಅಗ್ಗದ್ದೂ ಅಲ್ಲ, ಕೈ ಸುಡೋದೂ ಅಲ್ಲ. ದಿಬ್ಬ ಹತ್ತಿಸು, ಕುದುರೆ ಇದ್ದಂಗೆ! ಈ ಬಣ್ಣದ್ದು ನಮ್ಮ ಊರಿಗೆ ಎರಡೇ ಬಂದಿದ್ದು. ಇದೊಂದು ಹಾಗೇ ಉಳ್ಕೊಂಡಿದೆ. ಇನ್ನೊಂದನ್ನ..."

ಅವನು ನಾಲಿಗೆ ಕಚ್ಚಿಕೊಂಡ. ಸಾಸಿವೆ ಹೂವಿನ ಹಳದಿ. ಇನ್ನೊಂದನ್ನು ಒಯ್ದವನು ಇದ್ವಲ್.

ಇದ್ವಲ್ ಅದೇ ಕಾರ್ಖಾನೆಯ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಅವನ ಬಾಡಿಗೆ ಅವಧಿ ಮುಗಿದಿತ್ತು. ಕಂಪ್ಯೂಟರಿನಲ್ಲಿ ಸಹಿ ಕಳಿಸಿದರೂ ನಡೆಯುತ್ತಿತ್ತು, ಆದರೆ ಖುದ್ದಾಗಿ ಬಂದು ಶಾಯಿಯಲ್ಲೇ ಹಾಕಬೇಕೆಂದು ಡೆಲಿತಳ ಹಟ. ಅವನು ರಜೆಯಲ್ಲಿದ್ದರೂ ಬೆಳಿಗ್ಗೆಯೇ ಫೋನ್ ಮಾಡಿ ಕರೆದಳು. "ಉಡದ ಪಟ್ಟು ಕಣೇ ನಿಂದು," ಎಂದು ನಕ್ಕಿದ್ದ. "ಬಂದೆ, ಇರು."

ಬರಲಿಲ್ಲ. ಹಳೆ ಚರ್ಚಿನ ತಿರುವಿನಲ್ಲಿ, ಮಂಜಿನೊಳಗಿಂದ ಹಾಲಿನ ಲಾರಿ ಬಂದಿತ್ತು. ಜೊತೆಗಾರರು ಅವನ ಸೈಕಲಿಗೆ ಪೂರ್ತಿ ಬಿಳಿ ಬಣ್ಣ ಬಳಿದು ಅಲ್ಲೇ ರಸ್ತೆಬದಿಯ ಕಂಬಿಗೆ ಕಟ್ಟಿದರು. ರಸ್ತೆಯಲ್ಲಿ ಸತ್ತ ಸವಾರರಿಗೆ ಅಲ್ಲಿಯ ಜನ ಹಾಗೆ ಮಾಡುತ್ತಾರೆ. ಫೋನಿನ ವಿಷಯ ಡೆಲಿತ್ ಯಾರಿಗೂ ಹೇಳಲಿಲ್ಲ. ಸಹಿಯಿಲ್ಲದ ಕಾಗದ ಅವಳ ಮೇಜಿನ ಖಾನೆಯಲ್ಲೇ ಉಳಿಯಿತು.

"ಆ ಹಳದೀದನ್ನೇ ಕೊಡು," ಎಂದಳು ಡೆಲಿತ್. ಅವನದರಂಥದೇ ಸೈಕಲ್ ಹತ್ತಿ ದಿನಾ ಆ ಬಿಳಿ ಸೈಕಲಿನೆದುರು ಹಾದುಹೋಗಬೇಕು, ತನಗೆ ತಕ್ಕ ಶಾಸ್ತಿ ಅದೇ ಎಂದುಕೊಂಡಳು.

ಮೊದಲ ವಾರವೇ ಕಣ್ಣಿಗೆ ಬಿತ್ತು. ತಿರುವಿನ ಬಿಳಿ ಸೈಕಲಿನಲ್ಲಿ, ಹ್ಯಾಂಡಲಿನ ಕತ್ತಿನ ಬಳಿ, ಉಗುರಿನಷ್ಟು ಬಣ್ಣ ಎದ್ದು ಹಳದಿ ಕಾಣುತ್ತಿತ್ತು. ಮಳೆಗೆ ಎದ್ದಿರಬೇಕು ಅಂದುಕೊಂಡಳು. ಕಾರ್ಖಾನೆಗೆ ಬಂದು ಇಳಿದರೆ ಅವಳ ಸೈಕಲಿನ ಕತ್ತಿನ ಬಳಿ, ಅದೇ ಜಾಗದಲ್ಲಿ, ಉಗುರಿನಷ್ಟು ಬಿಳಿ. ಉಜ್ಜಿದಳು, ಕೆರೆದಳು. ಹೋಗಲಿಲ್ಲ.

ಆಮೇಲೆ ದಿನಕ್ಕಿಷ್ಟು. ಅಲ್ಲಿ ಎಷ್ಟು ಹಳದಿಯೋ ಇಲ್ಲಿ ಅಷ್ಟೇ ಬಿಳಿ. ಗೆಥಿನ್ ಹತ್ತಿರ ತಂದರೆ ಅವನು ಸುತ್ತ ತಿರುಗಿ ನೋಡಿ, "ಬಿಳೀನಾ? ಎಲ್ಲೇ? ಹೊಸದರ ಹಾಗೆ ಹೊಳೀತಿದೆಯಲ್ಲ. ಮೊದ್ಲು ಕಣ್ಣು ತೋರಿಸ್ಕೋ ಹೋಗು," ಅಂದ. ಮೂರು ದಿನ ಬಸ್ಸಿಗೆ ಹೋದಳು. ಮನೆಯಲ್ಲಿ ಸುಮ್ಮನೆ ನಿಂತ ಸೈಕಲ್ ನಿಂತಲ್ಲೇ ಇನ್ನಷ್ಟು ಬೆಳ್ಳಗಾಯಿತು. ಮತ್ತೆ ಹತ್ತಿದ ದಿನ, ತಿರುವಿನಲ್ಲಿ ಹ್ಯಾಂಡಲ್ ತಾನಾಗಿ ಕಂಬಿಯ ಕಡೆ ಎಳೆಯಿತು. ಡೆಲಿತ್ ಇಳಿದು ತನ್ನ ಸೈಕಲನ್ನು ನೋಡಿದಳು. ಗೇಣುದ್ದ ಹಳದಿ ಉಳಿದಿತ್ತು, ಸೀಟಿನ ಕೆಳಗೆ. ಅದೂ ಮುಗಿದ ದಿನ ಆ ಕಂಬಿಗೆ ಕಟ್ಟುವುದು ಯಾರ ಸೈಕಲನ್ನು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶನಿವಾರ ಇದ್ವಲ್‌ನ ಹೆಂಡತಿ ಮೆನ್ನಾಳ ಮನೆಗೆ ಹೋದಳು. ಮೆನ್ನಾ ಚಹಾ ಬಗ್ಗಿಸುತ್ತಿದ್ದಂತೆಯೇ ಎಲ್ಲ ಹೊರಗೆ ಬಂತು.

"ನಾನೇ ಕರೆದಿದ್ದು ಕಣೇ. ಒಂದು ಸಹಿಗೋಸ್ಕರ. ಸುಮ್ನೆ ಇದ್ದಿದ್ರೆ ಅವನು ಮನೇಲೇ ಇರ್ತಿದ್ದ. ನಿನ್ನ ಮನೆ ಹಾಳು ಮಾಡ್ದೆ."

ಮೆನ್ನಾ ಕೆಟಲ್ ಕೆಳಗಿಟ್ಟಳು.

"ಅವನು ನಾಳೆ ಹೋದ್ರಾಯ್ತು ಅಂದ," ಎಂದಳು. "ಕಾಲಿಗೆ ಅಡ್ಡ ಸಿಕ್ಕಬೇಡ, ಇವತ್ತೇ ಹೋಗಿ ಬಾ ಅಂತ ತಳ್ಳಿದ್ದು ನಾನು. ಆ ಮಾತು ನನ್ನ ಹೆತ್ತಮ್ಮನಿಗೂ ಹೇಳಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮನಸಾರೆ ಅತ್ತರು. ಅಯ್ಯೋ, ಎರಡು ವರ್ಷದ ಅಳು, ಅಷ್ಟು ಬೇಗ ಮುಗಿಯುತ್ತದೆಯೇ! ಚಹಾ ಆರಿ ಕೆನೆ ಕಟ್ಟಿತು. ಹೊರಡುವಾಗ ಮೆನ್ನಾ ಕೇಳಿದಳು, "ಆ ಕಾಗದ ಹಾಗೇ ಇದೆಯಾ? ಕೆಲಸ ಅರ್ಧಕ್ಕೆ ಬಿಟ್ರೆ ಅವನಿಗೆ ನಿದ್ದೆ ಬರ್ತಿರಲಿಲ್ಲ."

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಸೈಕಲ್ ಅಡಿಯಿಂದ ಮುಡಿಯವರೆಗೆ ಹಳದಿ. ತಿರುವಿನಲ್ಲಿ ಮಂಜಿತ್ತು. ಕಂಬಿಯ ಸೈಕಲ್ ಮಂಜಿಗಿಂತ ಬೆಳ್ಳಗೆ ನಿಂತಿತ್ತು, ಒಂದು ಚುಕ್ಕೆ ಹಳದಿ ಇಲ್ಲದೆ. ಹ್ಯಾಂಡಲ್ ಎಳೆಯಲಿಲ್ಲ.

ಡೆಲಿತ್ ಆಫೀಸಿಗೆ ಬಂದು ಖಾನೆಯ ಬೀಗ ತೆಗೆದಳು. ಕಾಗದವನ್ನು ಮೆನ್ನಾಳಿಗೆ ಕೊಟ್ಟುಬಿಡೋಣವೆಂದು ಎತ್ತಿಕೊಂಡಳು. ಕೆಳಗೆ, ಖಾಲಿಯಿದ್ದ ಗೆರೆಯ ಮೇಲೆ, ಇದ್ವಲ್‌ನ ಸೊಟ್ಟ ಸಹಿ. ಪಕ್ಕದಲ್ಲಿ ಆ ಸೋಮವಾರದ್ದೇ ತಾರೀಖು. ಬೆರಳು ಮುಟ್ಟಿಸಿದಳು. ಬೆರಳ ತುದಿಗೆ ಹಸಿ ಶಾಯಿಯ ನೀಲಿ ಹತ್ತಿತು.

ಅವಳು ಕಾಗದಕ್ಕೆ ಮುದ್ರೆ ಒತ್ತಿದಳು. ಆಮೇಲೆ ಮೆನ್ನಾಳಿಗೆ ಫೋನ್ ಮಾಡಿದಳು.

"ಬಂದಿದ್ದ ಕಣೇ," ಎಂದಳು.