ಗರಾಜಿನ ಟರ್ಮಿನಲ್

ಒಂದೇ ಸಾಲು. ಬರೆದುಬಿಟ್ಟರೆ ಟರ್ಮಿನಲ್ ಇನ್ನು ನಿಲ್ಲುವುದಿಲ್ಲ. ಆದರೆ ಅದು ನಿಲ್ಲದಿದ್ದರೆ ನನ್ನನ್ನು ಯಾರು ಕರೆಯುತ್ತಾರೆ?

ಅಮೆರಿಕದ ಶಾರ್ಲೆಟ್‌ನಿಂದ ಮಾರಿಸ್‌ವಿಲ್‌ಗೆ ಎರಡೂವರೆ ಗಂಟೆ ಕಾರು ಓಡಿಸುವಾಗಲೆಲ್ಲ ದತ್ತಾತ್ರೇಯನಿಗೆ ಇದೇ ಯೋಚನೆ. ಅಲ್ಲಿ ಬದರಿನಾಥ ಅಂಕಲ್ ಮನೆಯ ಗರಾಜಿನಲ್ಲಿ, ಯಾವುದೋ ಆಫೀಸು ಬೇಡವೆಂದು ಕೊಟ್ಟ ಹಳೆಯ ಯೂನಿಕ್ಸ್ ಕಂಪ್ಯೂಟರ್ ಯಂತ್ರವೊಂದು ಕನ್ನಡ ಸಂಘದ ಸದಸ್ಯರ ವಿಳಾಸಗಳನ್ನು ಇಟ್ಟುಕೊಂಡು ಕೂತಿತ್ತು. ಶನಿವಾರ ಅಂಕಲ್ ಅದರ ಟರ್ಮಿನಲ್ ಮುಂದೆ ಕೂತರೆ ಸಾಕು, ಪರದೆ ನಿಶ್ಚಲವಾಗುತ್ತಿತ್ತು. ಕಾರಣ ದತ್ತಾತ್ರೇಯನಿಗೆ ಮೊದಲ ದಿನವೇ ತಿಳಿದಿತ್ತು. ಅಂಕಲ್ ತಮ್ಮ ಆಫೀಸಿನ ಅಭ್ಯಾಸದಂತೆ, ಸೇವ್ ಮಾಡಲೆಂದು ಕಂಟ್ರೋಲ್ ಹಿಡಿದು ಎಸ್ ಒತ್ತುತ್ತಿದ್ದರು. ಈ ಟರ್ಮಿನಲ್‌ಗೆ ಅದು ಸುಮ್ಮನಿರು ಎಂಬ ಆಜ್ಞೆ. ಅದು ಸುಮ್ಮನಿರುತ್ತಿತ್ತು. ಕಂಟ್ರೋಲ್ ಹಿಡಿದು ಕ್ಯೂ ಒತ್ತಿದರೆ ಮತ್ತೆ ಮಾತಾಡುತ್ತಿತ್ತು.

ಅಂಕಲ್ ಫೋನ್ ಮಾಡಿದೊಡನೆ ಅವನು ಅಷ್ಟು ದೂರ ಬಂದು ಅದನ್ನು ಒತ್ತುತ್ತಿದ್ದ. ಅಂಕಲ್ ಚಪ್ಪಲಿ ಬಿಟ್ಟು ಒಳಬಂದು ಯಂತ್ರಕ್ಕೆ ನಿಂಬೆಹಣ್ಣು ನಿವಾಳಿಸುತ್ತಿದ್ದರು. ಆಮೇಲೆ ವಸಂತಾ ಆಂಟಿ ಬಡಿಸುವ ಊಟ, ಹರಟೆ. ಉಳಿದ ದಿನಗಳಲ್ಲಿ ಅವನು ಆಫೀಸಿನವರಿಗೆ ಗುಡ್ ಮಾರ್ನಿಂಗ್ ಹೇಳುವುದು ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ.

ಆ ಶನಿವಾರ ಆಂಟಿ ಬಾಗಿಲಲ್ಲೇ ನಿಂತಿದ್ದರು.

"ದತ್ತು, ಇದೇ ಕೊನೆ. ನನ್ನ ಕಾರು ಬಿಸಿಲಲ್ಲಿ ಬೇಯ್ತಿದೆ, ಇದು ಮಹಾರಾಜನ ಥರ ಗರಾಜಲ್ಲಿ ಕೂತಿದೆ. ಇನ್ನೊಂದ್ಸಲ ನಿಂತ್ರೆ ಟ್ರ್ಯಾಶ್ ಮಾಡ್ತೀನಿ. ಜೊತೆಗೆ ನಿಮ್ಮ ಅಂಕಲ್‌ನೂ!"

"ಮೆಲ್ಲಗೆ ವಸಂತಾ, ಅದಕ್ಕೆ ಕೇಳ್ಸತ್ತೆ," ಎಂದರು ಅಂಕಲ್.

ನಿಂತರೆ ಯಂತ್ರ ಕಸಕ್ಕೆ ಹೋಗುತ್ತದೆ. ನಿಲ್ಲದಿದ್ದರೆ ತನಗೆ ಇಲ್ಲಿ ಕೆಲಸವಿಲ್ಲ. ಎರಡರಲ್ಲೂ ಈ ಊಟ ಮುಗಿದಂತೆಯೇ. ಯಂತ್ರವಾದರೂ ಉಳಿಯಲಿ ಎಂದುಕೊಂಡು, ಲಾಗಿನ್ ಆದಾಗಲೆಲ್ಲ ತಾನೇ ಓಡುವ ಕಡತದಲ್ಲಿ ಆ ಸಾಲು ಸೇರಿಸಿದ: stty -ixon. ಇನ್ನು ಎಸ್ ಒತ್ತಿದರೂ ಅದು ಸುಮ್ಮನಾಗುವುದಿಲ್ಲ. ಊಟದ ಕೊನೆಯ ಮಜ್ಜಿಗೆಯನ್ನು ಮುಗಿಯಲೇಬಾರದೆಂಬಂತೆ ಕುಡಿದ.

ಮುಂದಿನ ಶನಿವಾರ ಫೋನ್ ಬರಲಿಲ್ಲ. ಅದರ ಮುಂದಿನದೂ ಹಾಗೆಯೇ ಹೋಯಿತು. ಅವನು ಆಗಾಗ ರಿಸೀವರ್ ಎತ್ತಿ ಲೈನ್ ಇದೆಯೇ ಎಂದು ನೋಡುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಅದು ಹೊಡೆದುಕೊಂಡಿತು.

"ದತ್ತು, ಏನೋ ಆಗಿದೆ ಕಣೋ! ಯಂತ್ರ ನಿಲ್ತಾನೇ ಇಲ್ಲ!"

"ನಿಲ್ತಿಲ್ವಾ ಅಂಕಲ್?"

"ಎಷ್ಟು ಸೇವ್ ಮಾಡಿದ್ರೂ ನಿಲ್ತಿಲ್ಲ. ಹುಷಾರಿಲ್ಲ ಅನ್ಸತ್ತೆ. ವಸಂತಾನೇ ಹೆದರ್ಕೊಂಡು ಅದಕ್ಕೆ ಶಾಲು ಹೊದಿಸಿದಾಳೆ. ಬೇಗ ಬಾರೋ."

ಹಿಂದಿನಿಂದ ಆಂಟಿಯ ದನಿ: "ಊಟಕ್ಕೇ ಬರ್ಲಿ ಅನ್ರೀ, ಹುಳಿ ಕುದೀತಿದೆ!"

ಅವನು ಹೋದ. ಶಾಲು ಸರಿಸಿ, ಮಂಡಿಯೂರಿ ಯಂತ್ರಕ್ಕೆ ಕಿವಿಯಿಟ್ಟ. ಫ್ಯಾನು ಎಂದಿನಂತೆ ತಿರುಗುತ್ತಿತ್ತು. ದಂಪತಿ ಉಸಿರು ಬಿಗಿಹಿಡಿದು ನಿಂತಿದ್ದರು.

"ಏನಂತಪ್ಪಾ?" ಆಂಟಿ ಪಿಸುಗುಟ್ಟಿದರು.

"ವಾರವಾರ ಬಂದು ನೋಡ್ತಿರಬೇಕು ಆಂಟಿ."

ಅದು ಸರಿಯಾಗಿಯೇ ಇದೆ ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.