ಸೇತುವೆಯ ಚಿತ್ರ ಬರೆದವನು

ಫ್ರಾನ್ಸಿನ ಮೇಲೆ ದಂಡೆತ್ತಿ ಬಂದ ಪ್ರಷ್ಯನ್ನರ ಸೈನ್ಯ ಓರ್ಲೆಯಾನ್ ಪಟ್ಟಣಕ್ಕೆ ನುಗ್ಗಿದ ಸುದ್ದಿ ಬಂದು ಮೂರು ದಿನವಾಗಿತ್ತು. ಆದರೂ ಅನ್ಸೆಲ್ಮ್ ವಾಲ್ದಿಯೆ ಬೆಳಿಗ್ಗೆ ಬಣ್ಣದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಲೂವಾರ್ ನದಿಯ ದಡಕ್ಕೆ ಹೋದ. ಇಪ್ಪತ್ತು ವರ್ಷದಿಂದ ನದಿ, ಮರ, ಮೋಡಗಳನ್ನೇ ಬರೆದುಕೊಂಡು ಬಂದವನಿಗೆ ಮಂಜು ಕರಗುವ ಹೊತ್ತಿನಲ್ಲಿ ಒಳಗೆ ಕೂರುವುದು ಆಗದ ಮಾತು. ಸೇತುವೆಯ ನಾಲ್ಕನೆಯ ಕಮಾನು ಬರೆಯುತ್ತಿದ್ದಾಗ ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದೆಳೆದರು.

ಎಳೆದವನು ದಡದ ಪಕ್ಕದ ಹಳ್ಳಿಯ ಕಮ್ಮಾರ ಗಾತಿಯೆನ್. ಅವನ ಹಿಂದೆ ಕುಡುಗೋಲು, ದೊಣ್ಣೆ ಹಿಡಿದ ಹತ್ತಿಪ್ಪತ್ತು ಜನ.

"ಯಾರಿಗೋ ಸೇತುವೆ ಲೆಕ್ಕ ಕೊಡ್ತಿರೋದು, ಗೂಢಚಾರ ನನ್ಮಗನೆ?"

"ನಾನು ಚಿತ್ರಗಾರ ಕಣಪ್ಪಾ. ಪ್ಯಾರಿಸ್ಸಿನವನು."

"ಪ್ಯಾರಿಸ್ ಸುತ್ತ ಪ್ರಷ್ಯನ್ನರು ಮುತ್ತಿಗೆ ಹಾಕ್ಕೊಂಡು ಕೂತವ್ರೆ. ನೀನೇನು ಹಾರ್ಕೊಂಡು ಬಂದ್ಯಾ?"

ಜನ ನಕ್ಕರು. ಬೈಗುಳಕ್ಕಿಂತ ಆ ನಗುವೇ ಅನ್ಸೆಲ್ಮನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೇಸಿಗೆಯಲ್ಲೇ ಪ್ಯಾರಿಸ್ ಬಿಟ್ಟಿದ್ದೆ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಅವನನ್ನು ಊರ ಬಾವಿಯ ಬಳಿಗೆ ಎಳೆತಂದರು. ಒಬ್ಬ ಹಗ್ಗ ತರಲು ಓಡಿದ. ಗಾತಿಯೆನ್ನನ ಅಣ್ಣ ಯುದ್ಧದಲ್ಲಿ ಸತ್ತ ಕಾಗದ ಹಿಂದಿನ ವಾರವಷ್ಟೇ ಬಂದಿತ್ತು.

"ಚಿತ್ರಗಾರ ಅಂತೀಯಲ್ಲ, ನನ್ನ ಮುಖ ಬರಿ ನೋಡಾಣ."

ಮನುಷ್ಯರನ್ನು ಬರೆಯಲು ಅನ್ಸೆಲ್ಮನಿಗೆ ಬರುತ್ತಲೇ ಇರಲಿಲ್ಲ. ಅವನ ಚಿತ್ರಗಳ ದನಗಾಹಿಗಳನ್ನೂ ಅಗಸಗಿತ್ತಿಯರನ್ನೂ ಗೆಳೆಯನೊಬ್ಬ ಸೇರಿಸಿಕೊಡುತ್ತಿದ್ದ. ಇದ್ದಿಲಿನಿಂದ ಮೂಡಿದ್ದು ಬೆಂದ ಆಲೂಗೆಡ್ಡೆಗೆ ಮೀಸೆ ಅಂಟಿಸಿದಂಥ ಮುಖ.

"ನೋಡ್ರೋ ಇವನ ಕೈಚಳಕ!"

ಹಗ್ಗ ಬಂತು.

"ಮರ! ಮರ ಬರೀತೀನಿ!" ಎಂದು ಅನ್ಸೆಲ್ಮ್ ಕಿರುಚಿದ. ಯಾರ ಅಪ್ಪಣೆಗೂ ಕಾಯದೆ ಎದುರುಮನೆಯ ಹಿತ್ತಿಲ ಸೇಬಿನ ಮರವನ್ನು ಬರೆಯತೊಡಗಿದ. ಹಗ್ಗ ಕುತ್ತಿಗೆಗೆ ಬಿದ್ದರೂ ಬರೆಯುತ್ತಲೇ ಇದ್ದ.

ಆ ಮನೆಯ ಪೆರಿನ್ ಅಜ್ಜಿ ಜನರನ್ನು ಸರಿಸಿ ಬಂದು ಕಾಗದದ ಮೇಲೆ ಬಾಗಿದಳು.

"ಲೋ, ಬಿಡ್ರೋ ಅವನ್ನ. ಸೀಳಿದ ಕೊಂಬೆಗೆ ನಮ್ಮ ಯಜಮಾನ್ರು ಕಟ್ಟಿದ ಬಟ್ಟೇನೂ ಬರೆದವ್ನೆ. ಊರು ಸುಡಿಸೋಕೆ ಬಂದವನಿಗೆ ಇದೆಲ್ಲ ಯಾಕೋ ಕಾಣುತ್ತೆ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರಜ್ಜಿ," ಎಂದ ಗಾತಿಯೆನ್.

"ನಿನ್ನ ಹೊಕ್ಕುಳಬಳ್ಳಿ ಕೊಯ್ದವಳು ನಾನು. ಬಿಡು ಅಂದ್ರೆ ಬಿಡು."

ಗಾತಿಯೆನ್ ಹಗ್ಗವನ್ನು ಅವನ ಕುತ್ತಿಗೆಯಿಂದ ಕಿತ್ತೆಸೆದ. ಚಿತ್ರದ ಪುಸ್ತಕವನ್ನು ಮಾತ್ರ ಕೊಂಡೊಯ್ದು ತನ್ನ ಕುಲುಮೆಗೆ ಹಾಕಿದ. ಐದು ತಿಂಗಳ ಕೆಲಸ ಉರಿದುಹೋಯಿತು.

ಅನ್ಸೆಲ್ಮ್ ತಿರುಗಿ ನೋಡದೆ ನಡೆದ. ಊರಾಚೆಯ ಹಳ್ಳದ ನೀರಿನಲ್ಲಿ ಕೈಯ ಇದ್ದಿಲು ತೊಳೆದುಕೊಂಡ. ಯುದ್ಧ ಮುಗಿದ ಮೇಲೂ ಅವನು ಬಯಲಿನಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲು ಬೆನ್ನಿಗೊಂದು ಗೋಡೆ ಇರುವ ಜಾಗವನ್ನೇ ಹುಡುಕುತ್ತಿದ್ದ.