ದೀಪ ನೋಡುವ ಕೆಲಸ

ಹೈದರಾಬಾದಿನ ಕಂಪನಿಗೆ ಮೂರನೇ ಸಲ ಫೋನ್ ಮಾಡಿದ ಜಗದೇವಿ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದಳು.

"ಸ್ವಿಚ್ಚಿನ ತಿಂಗಳ ಲೈಸೆನ್ಸ್ ಮುಗದದಂತ, ಅದಕ್ಕ ಬಂದ್ ಆಗ್ಯದಂತ. ಸಂಜೀತನಕ ಕಾಯ್ರಿ ಅಂತಾರ!"

ತಾಂಡೂರಿನ ಆ ತೊಗರಿ ಮಂಡಿಯ ಕಾರ್ಯದರ್ಶಿ ಶಿವಶಂಕರಪ್ಪ ಗಡಿಯಾರ ನೋಡಿದ. ಹನ್ನೆರಡೂ ಕಾಲು. ಕಂಪ್ಯೂಟರಿನಲ್ಲಿ ನಡೆಯುವ ಹರಾಜು ಒಂದು ಗಂಟೆಗೆ ಮುಚ್ಚುತ್ತಿತ್ತು; ನೆಟ್‌ವರ್ಕ್ ಇಲ್ಲದೆ ಇವತ್ತು ಇನ್ನೂ ಶುರುವೇ ಆಗಿರಲಿಲ್ಲ. ಅಂಗಳದ ತುಂಬ ಚೀಲಗಳು.

ಹದಿಮೂರು ವರ್ಷದಿಂದ ಇಲ್ಲಿಯ ನೆಟ್‌ವರ್ಕ್ ಜಗದೇವಿಯದೇ. ಮಂಡಿಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಡಬ್ಬಿ ಸ್ವಿಚ್; ಹಳೆಯದು ಕೆಟ್ಟರೆ ಲ್ಯಾಪ್‌ಟಾಪ್ ಹಚ್ಚಿ, ತಪ್ಪು ಹುಡುಕಿ, ತಾನೇ ಸರಿಪಡಿಸುತ್ತಿದ್ದಳು. ಹೋದ ತಿಂಗಳು ಹೊಸದು ಬಂತು. ಅದನ್ನು ನಡೆಸುವುದೆಲ್ಲ ಕಂಪನಿಯವರು, ಕೂತಲ್ಲಿಂದಲೇ. ಅವಳಿಗೆ ಪಾಸ್‌ವರ್ಡ್ ಕೂಡ ಕೊಡಲಿಲ್ಲ. ಅದರ ದೀಪ ಹತ್ತಿದೆಯೋ ಇಲ್ಲವೋ ನೋಡಿದರೆ ಸಾಕು ಅಂದಿದ್ದರು.

ಬಾಗಿಲಲ್ಲಿ ರೈತ ಹೆಂಗಸು ಬಂಡಮ್ಮ ಬಂದು ನಿಂತಳು. "ಮುಂಜಾನಿಂದ ಕುಂತೀವಿ. ಟ್ರ್ಯಾಕ್ಟರಿನವ ಹೊಂಟು ನಿಂತಾನ. ನೀ ಇಲ್ಲಿ ಏನ್ ಮಾಡಾಕತ್ತಿ ಯವ್ವಾ?"

ಜಗದೇವಿಯ ಕಿವಿ ಬಿಸಿಯಾಯಿತು. ಸ್ಟೋರಿಗೆ ನಡೆದು, ರದ್ದಿಗೆ ಹಾಕಿದ್ದ ಹಳೆಯ ಸ್ವಿಚ್ಚನ್ನು ಎಳೆದು ತಂದಳು.

"ಬ್ಯಾಡ್ರಿ ಜಗದೇವಿ," ಶಿವಶಂಕರಪ್ಪ ಅಡ್ಡ ಬಂದ. "ಬ್ಯಾರೇದು ಹಚ್ಚಬಾರದಂತ ಕರಾರಿನಾಗ ಅದ. ನಿಮ್ಮ ನೌಕರಿ ಹೋಗ್ತದ."

"ಹೋಗ್ಲಿ! ದೀಪ ನೋಡೋ ನೌಕರಿ ಯಾರಿಗಿ ಬೇಕ್ರಿ? ಡಬ್ಬಿ ನಮ್ಮದು, ಕರೆಂಟ್ ನಮ್ಮದು, ಕೀಲಿ ಅವರದಾ?"

ಹೊಸ ಸ್ವಿಚ್ಚಿನಿಂದ ಒಂದೊಂದೇ ವೈರು ಕಿತ್ತು ಹಳೆಯದಕ್ಕೆ ಚುಚ್ಚಿದಳು. ಸಿಟ್ಟಿನ ಅವಸರದಲ್ಲಿ ಎರಡು ವೈರು ಅದಲು ಬದಲಾದವು. ಬೈದುಕೊಂಡು ಮತ್ತೆ ಸರಿಮಾಡಿದಳು. ಹನ್ನೆರಡೂ ನಲವತ್ತಕ್ಕೆ ಅಂಗಳದ ದೊಡ್ಡ ಪರದೆಯಲ್ಲಿ ಹರಾಜು ಶುರುವಾಯಿತು.

ಐದೇ ನಿಮಿಷಕ್ಕೆ ಶಿವಶಂಕರಪ್ಪನ ಫೋನ್ ಬಡಿದುಕೊಂಡಿತು. ವೈರು ಕಿತ್ತದ್ದು ಕಂಪನಿಯವರಿಗೆ ಅಲ್ಲಿಂದಲೇ ಕಂಡಿತ್ತು. "ಜೀ, ಜೀ" ಅನ್ನುತ್ತ ಬೆವರಿದ.

"ಹಳೇದು ಈಗಿಂದೀಗ ತೆಗೀಬೇಕಂತ್ರಿ. ಇಲ್ಲಂದ್ರ ಕೇಸ್ ಹಾಕ್ತಾರಂತ."

"ನೀವೇ ತೆಗೀರಿ. ನಾ ಮುಟ್ಟಂಗಿಲ್ಲ."

ಅವನು ಬಗ್ಗಿ ಒಂದು ವೈರನ್ನು ಎರಡು ಬೆರಳಲ್ಲಿ ಹಿಡಿದ. ಅಷ್ಟರಲ್ಲಿ ಹೊರಗಿನ ಮೈಕಿನಲ್ಲಿ ಹರಾಜಿನ ಸರದಿಗೆ ಬಂಡಮ್ಮನ ಹೆಸರು ಕೂಗಿದರು. ಕಿಟಕಿಯಾಚೆ, ಮೊಣಕಾಲು ಹಿಡಿದು ಅವಳು ಚೀಲದ ಮೇಲಿನಿಂದ ಎದ್ದಳು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಪರದೆಯ ಕಡೆ ಮುಖ ಎತ್ತಿದಳು.

ಶಿವಶಂಕರಪ್ಪ ವೈರು ಬಿಟ್ಟ. ಬೆರಳಿಗೆ ಹತ್ತಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು ಅಲ್ಲೇ ನಿಂತ.